ಮೊಡವೆ ಹೋಯಿತು, ಗಂಟು ಉಳಿಯಿತು: ಕೀಲಾಯ್ಡ್ ಕಲೆಗಳ ಬಗ್ಗೆ ಒಂದಿಷ್ಟು ಮಾತು



ಕಳೆದ ತಿಂಗಳು ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬಂದ ಪತ್ರಗಳಲ್ಲಿ ಒಂದನ್ನು ನಾನು ಪ್ರಸಾರದಲ್ಲಿ ಓದಲಿಲ್ಲ. "ದಯವಿಟ್ಟು ಹೆಸರು ಹೇಳಬೇಡಿ, ರೇಡಿಯೋದಲ್ಲೂ ಓದಬೇಡಿ, ಆದರೆ ಉತ್ತರ ಮಾತ್ರ ಕೊಡಿ" ಎಂದು ಅದರಲ್ಲಿ ಬರೆದಿತ್ತು. ಬರೆದವರು ಡೊಂಬಿವಿಲಿ ಕಡೆಯ ಒಬ್ಬ ತಂಗಿ. ಎರಡು ವರ್ಷದ ಹಿಂದೆ ಎದೆಯ ನಡುವೆ ಒಂದು ಮೊಡವೆ ಎದ್ದಿತ್ತಂತೆ. ಹಿಸುಕಿದರು, ಕೀವು ಬಂತು, ಒಣಗಿತು. ಅಲ್ಲಿಗೆ ಮುಗಿಯಿತು ಅಂದುಕೊಂಡರು. ಮೂರು ನಾಲ್ಕು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಬಟಾಣಿ ಕಾಳಿನಷ್ಟು ಗಟ್ಟಿ ಗಂಟು. ಈಗ ಅದು ಹುಣಸೆ ಬೀಜಕ್ಕಿಂತ ದೊಡ್ಡದಾಗಿದೆ. ರಾತ್ರಿ ಹೊತ್ತು ವಿಪರೀತ ತುರಿಕೆ. ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಬ್ಯಾಗಿನ ಪಟ್ಟಿ ತಗುಲಿದರೆ ಜೀವ ಹೋದಷ್ಟು ನೋವು. ನಾಲ್ಕು ತಿಂಗಳಲ್ಲಿ ಮದುವೆ. "ಆಪರೇಷನ್ ಮಾಡಿಸಿ ತೆಗೆಸಿಬಿಡು" ಎಂದು ಅಮ್ಮ ಹೇಳುತ್ತಾರೆ. "ಕ್ಯಾನ್ಸರ್ ಗಿನ್ಸರ್ ಇದ್ದೀತು, ಹುಡುಗನ ಮನೆಯವರಿಗೆ ಏನು ಹೇಳುವುದು?" ಎಂದು ಚಿಕ್ಕಮ್ಮ ಹೆದರಿಸುತ್ತಾರೆ. ಕೊನೆಯ ಸಾಲು ಹೀಗಿತ್ತು: "ಅಕ್ಕ, ಕತ್ತರಿಸಿಬಿಡಲೇ?"

ಆ ಪತ್ರವನ್ನು ನಾನು ಎರಡು ಸಲ ಓದಿದೆ. ಯಾಕೆಂದರೆ ನನ್ನ ಎಡ ಭುಜದ ಮೇಲೂ ಅಂಥದ್ದೊಂದು ಇದೆ. ನಾನೂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಯಾರನ್ನೂ ಸರಿಯಾಗಿ ಕೇಳದೆ ಅದನ್ನು ಕತ್ತರಿಸಿ ತೆಗೆಸಿದ್ದೆ. ಹೊಲಿಗೆ ಬಿಚ್ಚಿದಾಗ ಎಷ್ಟು ಖುಷಿಯಾಗಿತ್ತು! ಆರು ತಿಂಗಳೊಳಗೆ ಗಂಟು ವಾಪಸು ಬಂತು, ಮೊದಲಿನದಕ್ಕಿಂತ ಎರಡರಷ್ಟು ಉದ್ದವಾಗಿ. ಹೊಲಿಗೆ ಹಾಕಿದ್ದ ತೂತುಗಳ ಜಾಗದಲ್ಲೂ ಚಿಕ್ಕ ಚಿಕ್ಕ ಗುಬ್ಬಿ ಎದ್ದಿದ್ದವು. ಆದ್ದರಿಂದ ಈ ಸಲದ ಪುಟವನ್ನು ಆ ತಂಗಿಗಾಗಿ, ಅವರಂತೆ ಸೆರಗು, ದುಪಟ್ಟಾ, ಕಾಲರ್‌ಗಳ ಹಿಂದೆ ಇಂಥ ಕಲೆ ಮುಚ್ಚಿಕೊಂಡು ಓಡಾಡುವ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಗಾಯ ಮಾಯುವುದು ಹೇಗೆ?

ಚರ್ಮಕ್ಕೆ ಪೆಟ್ಟಾದಾಗ ದೇಹ ತಾನೇ ರಿಪೇರಿ ಶುರು ಮಾಡುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಊತ, ಕೆಂಪು. ಅದಾದ ಮೇಲೆ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕೊಲಾಜೆನ್ ಎಂಬ ನಾರನ್ನು ನೇಯ್ದು ಬಿರುಕು ಮುಚ್ಚುತ್ತವೆ. ಗೋಡೆಯಲ್ಲಿ ತೂತು ಬಿದ್ದರೆ ಗಾರೆ ಕೆಲಸದವರು ಬಂದು ಸಿಮೆಂಟು ಮೆತ್ತಿದ ಹಾಗೆ. ಕೊನೆಯ ಹಂತದಲ್ಲಿ ಹೆಚ್ಚಾದ ನಾರನ್ನು ದೇಹವೇ ಕರಗಿಸಿ ಮಟ್ಟ ಮಾಡುತ್ತದೆ. ಈ ಕೊನೆಯ ಕೆಲಸ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ನಡೆಯುತ್ತದೆ. ಹೊಸದರಲ್ಲಿ ಕೆಂಪಗೆ ಕಾಣುವ ಕಲೆ ವರ್ಷ ಕಳೆದ ಮೇಲೆ ಮಸುಕಾಗುವುದು ಇದೇ ಕಾರಣಕ್ಕೆ.

ಕೆಲವರ ಚರ್ಮದಲ್ಲಿ ಮಾತ್ರ ಗಾರೆ ಕೆಲಸ ನಿಲ್ಲುವುದೇ ಇಲ್ಲ. ತೂತು ಮುಚ್ಚಿದ ಮೇಲೂ ಸಿಮೆಂಟು ಮೆತ್ತುತ್ತಲೇ ಇರುತ್ತಾರೆ. ಅದು ತೂತಿನ ಅಂಚು ದಾಟಿ ಸುತ್ತಲಿನ ಒಳ್ಳೆಯ ಗೋಡೆಯ ಮೇಲೂ ಹರಡುತ್ತದೆ. ಹೀಗೆ ಬೆಳೆದ ಗಂಟೇ ಕೀಲಾಯ್ಡ್.

ಈ ಹೆಸರಿಗೊಂದು ಕಥೆಯಿದೆ. ಪ್ಯಾರಿಸ್ಸಿನ ಚರ್ಮವೈದ್ಯ ಅಲಿಬೆರ್ 1806ರಲ್ಲಿ ಈ ಕಲೆಗಳನ್ನು ವರ್ಣಿಸಿದಾಗ ಕ್ಯಾನ್ಸರನ್ನು ನೆನಪಿಸುವ ಹೆಸರು ಕೊಟ್ಟಿದ್ದರು. ಕೆಲವು ವರ್ಷಗಳ ನಂತರ, ಇದು ಕ್ಯಾನ್ಸರ್ ಅಲ್ಲ, ಜನ ಗೊಂದಲ ಮಾಡಿಕೊಳ್ಳಬಾರದು ಎಂದು ತಾವೇ ಆ ಹೆಸರು ಬಿಟ್ಟು, ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಪದದಿಂದ ಈಗಿನ ಹೆಸರನ್ನು ಮಾಡಿದರು. ಎದೆಯ ಮೇಲಿನ ಹಳೆಯ ಕೀಲಾಯ್ಡ್ ನೋಡಿದವರಿಗೆ ಆ ಹೆಸರು ಯಾಕೆಂದು ಗೊತ್ತಾಗುತ್ತದೆ. ಎರಡೂ ಬದಿಗೆ ಏಡಿ ಕೊಂಡಿ ಚಾಚಿದ ಹಾಗೆಯೇ ಕಾಣುತ್ತದೆ. ಇನ್ನೂರು ವರ್ಷದ ಹಿಂದೆಯೇ ಒಬ್ಬ ವೈದ್ಯರು ನಿವಾರಿಸಲು ಹೊರಟ ಭಯ ಇವತ್ತಿಗೂ ನಮ್ಮ ಚಿಕ್ಕಮ್ಮಂದಿರ ಬಾಯಲ್ಲಿ ಉಳಿದಿದೆ, ನೋಡಿ!

ಉಬ್ಬಿದ ಕಲೆಗಳೆಲ್ಲ ಕೀಲಾಯ್ಡ್ ಅಲ್ಲ

ಉಬ್ಬಿದ ಕಲೆಗಳಲ್ಲಿ ಎರಡು ಬಗೆ. ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು, ಯಾಕೆಂದರೆ ಎರಡರ ಹಣೆಬರಹವೂ ಬೇರೆ ಬೇರೆ.

ಮೊದಲನೆಯದು ಬರೀ ದಪ್ಪಗಾದ ಕಲೆ. ಗಾಯವಾದ ಒಂದೆರಡು ತಿಂಗಳಲ್ಲೇ ಉಬ್ಬುತ್ತದೆ, ಆದರೆ ಗಾಯದ ಗಡಿ ದಾಟುವುದಿಲ್ಲ. ಕಾಲಕ್ರಮದಲ್ಲಿ ತಾನಾಗಿಯೇ ತಗ್ಗುವುದೂ ಉಂಟು. ಎರಡನೆಯದು ಕೀಲಾಯ್ಡ್. ಇದು ನಿಧಾನಿ. ಗಾಯ ಮಾಯ್ದು ಮೂರು ತಿಂಗಳು, ಕೆಲವೊಮ್ಮೆ ವರ್ಷ ಕಳೆದ ಮೇಲೆ ತಲೆಯೆತ್ತುತ್ತದೆ. ಗಾಯದ ಗಡಿ ದಾಟಿ ಬೆಳೆಯುತ್ತದೆ, ತಾನಾಗಿ ಕರಗುವುದು ಬಹಳ ಅಪರೂಪ. ಸಾಸಿವೆ ಕಾಳಿನಷ್ಟು ಮೊಡವೆ ಇದ್ದ ಜಾಗದಲ್ಲಿ ಹೆಬ್ಬೆರಳಿನಷ್ಟು ಗಂಟು ಇದ್ದರೆ ಅದು ಕೀಲಾಯ್ಡ್ ಎಂದೇ ಅನುಮಾನಿಸಬೇಕು.

ಯಾರಿಗೆ, ಎಲ್ಲಿ?

ಹರೆಯ ಶುರುವಾದಾಗಿನಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ಇದು ಹೆಚ್ಚು. ಬಿಳಿ ಚರ್ಮದವರಿಗಿಂತ ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚು. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಂಭವ ಜಾಸ್ತಿ. ಗರ್ಭಿಣಿಯಾದಾಗ ಇದ್ದ ಗಂಟು ದೊಡ್ಡದಾಗುವುದೂ ಉಂಟು.

ದೇಹದಲ್ಲಿ ಇದಕ್ಕೆ ಇಷ್ಟವಾದ ಜಾಗಗಳೂ ಗೊತ್ತುಪಡಿಸಿದಂತಿವೆ: ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ, ಕಿವಿಯ ಹಾಲೆ, ದವಡೆಯ ಅಂಚು. ಚರ್ಮ ಸದಾ ಬಿಗಿಯಾಗಿ ಎಳೆದಂತೆ ಇರುವ ಎದೆ, ಭುಜಗಳಲ್ಲಿ ಇದರ ಕಾಟ ಹೆಚ್ಚು. ಅಂಗೈ, ಅಂಗಾಲುಗಳಲ್ಲಿ ಬರುವುದು ತೀರಾ ಅಪರೂಪ.

ಕಾರಣ ದೊಡ್ಡ ಗಾಯವೇ ಆಗಬೇಕೆಂದಿಲ್ಲ. ಮೊಡವೆ, ಕೂದಲ ಬುಡದ ಕೀವುಗುಳ್ಳೆ, ಸೀತಾಳೆ ಸಿಡುಬಿನ ಬೊಕ್ಕೆ, ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡ ಗಾಯ, ಕಿವಿ ಚುಚ್ಚಿಸಿದ್ದು, ಬಿಸಿ ಎಣ್ಣೆ ಸಿಡಿದದ್ದು, ತೋಳಿನ ಮೇಲಿನ ಬಿಸಿಜಿ ಚುಚ್ಚುಮದ್ದಿನ ಗುರುತು, ಇವುಗಳಲ್ಲಿ ಯಾವುದಾದರೂ ಸಾಕು. ಎದೆಯ ಮೇಲೆ "ತಾನಾಗಿಯೇ ಬಂತು" ಎನ್ನುವವರಲ್ಲೂ ಬಹಳ ಸಲ ಮರೆತುಹೋದ ಒಂದು ಪುಟ್ಟ ಮೊಡವೆಯೇ ಮೂಲವಾಗಿರುತ್ತದೆ.

ಗಂಡಸರಿಗೊಂದು ಮಾತು. ಕತ್ತಿನ ಹಿಂಭಾಗದಲ್ಲಿ, ಕೂದಲು ಮುಗಿಯುವ ಗೆರೆಯಲ್ಲಿ ಗುಳ್ಳೆಗಳೆದ್ದು, ಅವು ಒಂದಕ್ಕೊಂದು ಕೂಡಿ ಗಟ್ಟಿಯಾಗುವುದನ್ನು ನೋಡಿರಬಹುದು. ಅದೂ ಕೀಲಾಯ್ಡ್‌ನಂತೆಯೇ ಉಬ್ಬುವ ಕಾಯಿಲೆ. ಸಲೂನಿನಲ್ಲಿ ಆ ಜಾಗಕ್ಕೆ ಬ್ಲೇಡು ಹಾಕಿಸಬೇಡಿ. ಕಾಲರ್ ಉಜ್ಜದಂತೆ ನೋಡಿಕೊಳ್ಳಿ. ಗುಳ್ಳೆ ಚಿಕ್ಕದಿದ್ದಾಗಲೇ ವೈದ್ಯರಿಗೆ ತೋರಿಸಿದರೆ ಸುಲಭವಾಗಿ ಹತೋಟಿಗೆ ಬರುತ್ತದೆ.

ಕ್ಯಾನ್ಸರೇ? ಅಂಟುತ್ತದೆಯೇ?

ಎರಡಕ್ಕೂ ಉತ್ತರ, ಅಲ್ಲ. ಕೀಲಾಯ್ಡ್ ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ರಕ್ತ ಕೆಟ್ಟಿದೆ, ನಂಜು ತಿಂದದ್ದಕ್ಕೆ ಬಂತು ಎನ್ನುವ ಮಾತಿಗೂ ಆಧಾರವಿಲ್ಲ. ಬದನೆಕಾಯಿ ಬಿಟ್ಟರೆ ಗಂಟು ಕರಗುವುದಿಲ್ಲ.

ಹಾಗಂತ ಎಲ್ಲ ಗಂಟನ್ನೂ ನಾವೇ ಕೀಲಾಯ್ಡ್ ಎಂದು ಹೆಸರಿಟ್ಟು ಸುಮ್ಮನಿರಬಾರದು. ಯಾವ ಗಾಯವೂ ಇಲ್ಲದ ಜಾಗದಲ್ಲಿ ಗಂಟು ಬೆಳೆಯುತ್ತಿದ್ದರೆ, ಬೇಗ ಬೇಗ ದೊಡ್ಡದಾದರೆ, ಒಡೆದು ಹುಣ್ಣಾದರೆ, ಅದರಿಂದ ರಕ್ತ ಬಂದರೆ ತಡಮಾಡದೆ ತೋರಿಸಿ. ಕೀಲಾಯ್ಡ್‌ನಂತೆ ಕಾಣುವ ಬೇರೆ ಕೆಲವು ಗಡ್ಡೆಗಳೂ ಇವೆ. ಅವುಗಳಲ್ಲಿ ಕೆಲವು ಅಪಾಯದವು. ಅನುಮಾನವಿದ್ದರೆ ವೈದ್ಯರು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಕತ್ತರಿಸಿದರೆ ಯಾಕೆ ವಾಪಸು ಬರುತ್ತದೆ?

ಇದೇ ಮುಖ್ಯ ಪ್ರಶ್ನೆ. ಕೀಲಾಯ್ಡ್ ಬಂದದ್ದು ಗಾಯದಿಂದ. ಅದನ್ನು ಕತ್ತರಿಸುವುದೆಂದರೆ ಅದೇ ಚರ್ಮದಲ್ಲಿ ಇನ್ನೂ ದೊಡ್ಡ ಗಾಯ ಮಾಡುವುದು. ಗಾರೆ ಕೆಲಸದವರಿಗೆ ಮತ್ತೆ ಕರೆ ಕಳಿಸಿದ ಹಾಗೆ! ಬರೀ ಆಪರೇಷನ್ ಮಾಡಿ ಬಿಟ್ಟರೆ ಅರ್ಧದಷ್ಟು, ಕೆಲವು ಲೆಕ್ಕಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು ಮಂದಿಗೆ ಗಂಟು ಮರಳುತ್ತದೆ ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ನನ್ನ ಭುಜ ಆ ಲೆಕ್ಕದಲ್ಲಿ ಒಂದು.

ಆಪರೇಷನ್ ಮಾಡಲೇಬಾರದು ಎಂದಲ್ಲ. ಕಿವಿಯ ಹಾಲೆಯ ಗುಂಡನೆಯ ಗಂಟಿಗೆ, ತುಂಬಾ ದೊಡ್ಡದಾದ ಗಂಟಿಗೆ ಅದು ಬೇಕಾಗಬಹುದು. ಆದರೆ ಅದರ ಬೆನ್ನಿಗೆ ಇನ್ನೊಂದು ಚಿಕಿತ್ಸೆ ಇರಲೇಬೇಕು. ಮುಂದೆ ಹೇಳುವ ಇಂಜೆಕ್ಷನ್ನೋ, ಒತ್ತಡದ ಕ್ಲಿಪ್ಪೋ, ಆಪರೇಷನ್ ಆದ ಒಂದೆರಡು ದಿನದೊಳಗೆ ಶುರು ಮಾಡುವ ಸ್ವಲ್ಪ ಪ್ರಮಾಣದ ವಿಕಿರಣ ಚಿಕಿತ್ಸೆಯೋ. ವಿಕಿರಣವನ್ನು ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಬೇರೆ ದಾರಿಗಳು ಸೋತಾಗ ಮಾತ್ರ, ಅನುಭವಿಗಳ ಕೈಯಲ್ಲಿ ಮಾಡಿಸಬೇಕು. "ಕತ್ತರಿಸಿದ ಮೇಲೆ ಮುಂದೇನು?" ಎಂಬ ಪ್ರಶ್ನೆಗೆ ಉತ್ತರ ಕೊಡದವರ ಹತ್ತಿರ ಕತ್ತರಿಸಿಕೊಳ್ಳಬೇಡಿ.

ಚಿಕಿತ್ಸೆಗಳು ಯಾವುವು?

ಇಂಜೆಕ್ಷನ್: ಮೊದಲು ಆರಿಸುವ ದಾರಿ ಸಾಮಾನ್ಯವಾಗಿ ಇದೇ. ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಔಷಧಿಯನ್ನು ಗಂಟಿನ ಒಳಗೇ ಚುಚ್ಚುತ್ತಾರೆ. ನಾಲ್ಕರಿಂದ ಆರು ವಾರಕ್ಕೊಮ್ಮೆಯಂತೆ ಹಲವು ಸಲ ಆಗಬೇಕು. ಸುಳ್ಳು ಹೇಳುವುದಿಲ್ಲ, ನೋಯುತ್ತದೆ. ಗಂಟು ಗಟ್ಟಿಯಿರುವುದರಿಂದ ಮದ್ದು ಒಳಗೆ ಇಳಿಯುವುದೇ ಕಷ್ಟ. ಎರಡು ಮೂರು ಸಲ ಆದ ಮೇಲೆ ಗಂಟು ಮೆತ್ತಗಾಗುತ್ತಾ ಬರುತ್ತದೆ, ನೋವೂ ಕಡಿಮೆಯಾಗುತ್ತದೆ. ಬಹಳ ಮಂದಿಗೆ ಮೊದಲು ಹೋಗುವುದು ತುರಿಕೆ, ಆಮೇಲೆ ಉಬ್ಬು. ಅಡ್ಡ ಪರಿಣಾಮಗಳೂ ಇವೆ. ಚುಚ್ಚಿದ ಜಾಗ ಬೆಳ್ಳಗಾಗಬಹುದು, ಚರ್ಮ ತೆಳುವಾಗಿ ತಗ್ಗು ಬೀಳಬಹುದು, ಸಣ್ಣ ರಕ್ತನಾಳಗಳು ಕಾಣಿಸಬಹುದು. ಕೆಲವು ಹೆಂಗಸರಿಗೆ ಮುಟ್ಟು ಹಿಂದುಮುಂದಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಬೇಕು, ಸಕ್ಕರೆ ಏರುವುದುಂಟು.

ಬರೀ ಸ್ಟಿರಾಯ್ಡ್‌ಗೆ ಬಗ್ಗದಿದ್ದರೆ 5-ಫ್ಲೋರೋಯುರಾಸಿಲ್ ಎಂಬ ಮದ್ದನ್ನು ಬೆರೆಸಿ ಕೊಡುತ್ತಾರೆ. ಇದು ಕ್ಯಾನ್ಸರ್ ಚಿಕಿತ್ಸೆಯಲ್ಲೂ ಬಳಸುವ ಔಷಧಿ. ಚೀಟಿಯಲ್ಲಿ ಆ ಹೆಸರು ನೋಡಿ ಗಾಬರಿಯಾಗಬೇಡಿ, ಇಲ್ಲಿ ಕೊಡುವ ಪ್ರಮಾಣ ಬಹಳ ಕಡಿಮೆ. ಆದರೆ ಗರ್ಭಿಣಿಯರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಇದು ಬೇಡ.

ಶೀತ ಚಿಕಿತ್ಸೆ: ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುತ್ತಾರೆ. ಚಿಕ್ಕ ಗಂಟುಗಳಿಗೆ ಒಳ್ಳೆಯದು, ಇಂಜೆಕ್ಷನ್ ಜೊತೆ ಸೇರಿದರೆ ಇನ್ನೂ ಉತ್ತಮ. ನಮ್ಮ ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯುವ ಸಾಧ್ಯತೆ ಇದೆ. ಮುಖಕ್ಕೆ ಮಾಡಿಸುವ ಮೊದಲು ಈ ವಿಷಯ ಕೇಳಿಕೊಳ್ಳಿ.

ಸಿಲಿಕೋನ್ ಪಟ್ಟಿ ಅಥವಾ ಜೆಲ್: ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಪೂರ್ತಿ ಮಾಯ್ದ ಚರ್ಮದ ಮೇಲೆ ಮಾತ್ರ ಹಾಕಬೇಕು, ಹಸಿ ಗಾಯದ ಮೇಲಲ್ಲ. ದಿನಕ್ಕೆ ಕನಿಷ್ಠ ಹನ್ನೆರಡು ಗಂಟೆ, ಮೂರು ತಿಂಗಳಾದರೂ ಬಿಡದೆ ಬಳಸಬೇಕು. ಮುಂಬೈ, ಚೆನ್ನೈಗಳ ಬೆವರಿನಲ್ಲಿ ಪಟ್ಟಿಯ ಅಡಿ ಬೆವರುಸಾಲೆ ಎದ್ದರೆ ತೆಗೆದು ತೊಳೆದು ಒಣಗಿಸಿ, ಒಂದೆರಡು ದಿನ ಬಿಡುವು ಕೊಡಿ. ಹಳೆಯ ದೊಡ್ಡ ಗಂಟನ್ನು ಇದೊಂದೇ ಕರಗಿಸುವುದಿಲ್ಲ. ಹೊಸ ಕಲೆ ಉಬ್ಬದಂತೆ ತಡೆಯಲು, ಆಪರೇಷನ್ ನಂತರದ ಕಾವಲಿಗೆ ಇದು ಉಪಯೋಗ.

ಒತ್ತಡ: ಕಿವಿಯ ಹಾಲೆಯ ಕೀಲಾಯ್ಡ್ ತೆಗೆಸಿದ ಮೇಲೆ ಓಲೆಯಂತೆ ಕಾಣುವ ಒತ್ತಡದ ಕ್ಲಿಪ್ಪನ್ನು ದಿನದ ಬಹುಪಾಲು, ಹಲವು ತಿಂಗಳ ಕಾಲ ಹಾಕಿಕೊಳ್ಳಬೇಕು. ಬೇಸರದ ಕೆಲಸ, ಆದರೆ ಫಲವಿದೆ.

ಲೇಸರ್: ಕೆಲವು ಬಗೆಯ ಲೇಸರ್ ಕೆಂಪು ಬಣ್ಣವನ್ನೂ ತುರಿಕೆಯನ್ನೂ ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಇಂಜೆಕ್ಷನ್ ಜೊತೆಗೇ ಮಾಡುತ್ತಾರೆ. ಖರ್ಚು ಹೆಚ್ಚು. "ಒಂದೇ ಸಿಟ್ಟಿಂಗ್, ಕಲೆ ಮಾಯ" ಎನ್ನುವ ಜಾಹೀರಾತನ್ನು ಮಾತ್ರ ನಂಬಬೇಡಿ.

ಮಾಡಬಾರದ್ದು

ಸುಣ್ಣ ಹಚ್ಚಿ ಸುಡುವುದು, ಗೇರೆಣ್ಣೆ ಹಾಕುವುದು, ದಾರ ಬಿಗಿದು ಕಟ್ಟುವುದು, ಸೂಜಿಯಿಂದ ಚುಚ್ಚುವುದು. ಊರಲ್ಲಿ ಕೇಳಿದ ಈ ಉಪಾಯಗಳೆಲ್ಲ ಹೊಸ ಗಾಯ ಮಾಡುತ್ತವೆ. ಹೊಸ ಗಾಯ ಅಂದರೆ ಹೊಸ ಕೀಲಾಯ್ಡ್. ಟೂತ್‌ಪೇಸ್ಟು, ನಿಂಬೆರಸ ಕೂಡ ಬೇಡ, ಚರ್ಮ ಉರಿದು ಕಪ್ಪಾಗುತ್ತದೆ. ತೆಂಗಿನೆಣ್ಣೆ ಸವರಿದರೆ ಒಣಗಿದ ಚರ್ಮದ ತುರಿಕೆ ಸ್ವಲ್ಪ ತಗ್ಗಬಹುದು, ತೊಂದರೆಯಿಲ್ಲ. ಆದರೆ ಅದರಿಂದ ಗಂಟು ಕರಗದು. ಔಷಧಿ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ತಿಕ್ಕಿದರೆ ಗಂಟು ಹಾಗೇ ಉಳಿದು ಸುತ್ತಲಿನ ಚರ್ಮ ಮಾತ್ರ ತೆಳುವಾಗುತ್ತದೆ, ಅಲ್ಲಿ ಇನ್ನಷ್ಟು ಮೊಡವೆ ಏಳುತ್ತವೆ.

ಮೊಡವೆಗೂ ಮದ್ದು ಬೇಕು

ಕೀಲಾಯ್ಡ್‌ಗೆ ಚಿಕಿತ್ಸೆ ಮಾಡಿಸಿ ಮೊಡವೆಯನ್ನು ಹಾಗೇ ಬಿಟ್ಟರೆ ಸೋರುವ ಮಾಡಿನ ಕೆಳಗೆ ನೆಲ ಒರೆಸಿದಂತೆ. ಎದೆ, ಬೆನ್ನುಗಳ ಮೇಲೆ ಮೊಡವೆ ಏಳುತ್ತಿದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು. ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲಿನ್ ಮುಂತಾದ ಜೆಲ್‌ಗಳಿವೆ. ತೀವ್ರವಾಗಿದ್ದರೆ ಐಸೋಟ್ರೆಟಿನಾಯಿನ್ ಎಂಬ ಮಾತ್ರೆ ಬರೆಯುತ್ತಾರೆ. ಮದುವೆ ಹತ್ತಿರವಿರುವ ಹೆಣ್ಣುಮಕ್ಕಳು ಇಲ್ಲಿ ಎಚ್ಚರ ವಹಿಸಬೇಕು. ಆ ಮಾತ್ರೆ ನುಂಗುವಾಗಲೂ, ನಿಲ್ಲಿಸಿ ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು, ಹುಟ್ಟುವ ಮಗುವಿಗೆ ದೊಡ್ಡ ತೊಂದರೆಯಾಗುತ್ತದೆ. ಮದುವೆಯ ದಿನಾಂಕವನ್ನು ವೈದ್ಯರಿಗೆ ಮೊದಲೇ ಹೇಳಿ. ನಾಚಿಕೆ ಬೇಡ.

ಮೊಡವೆ ಹಿಸುಕಬೇಡಿ, ಒಣಗಿದ ಹಕ್ಕಳೆ ಕೀಳಬೇಡಿ. ಒಮ್ಮೆ ಕೀಲಾಯ್ಡ್ ಆದವರು ಹಚ್ಚೆ ಹಾಕಿಸಿಕೊಳ್ಳುವುದು, ಹೊಸ ಜಾಗದಲ್ಲಿ ಚುಚ್ಚಿಸಿಕೊಳ್ಳುವುದು ಬಿಟ್ಟುಬಿಡಿ. ಅಪ್ಪ ಅಮ್ಮನಿಗೆ ಕೀಲಾಯ್ಡ್ ಇದ್ದರೆ ಮಗಳಿಗೆ ಕಿವಿ ಚುಚ್ಚಿಸುವುದನ್ನು ಹರೆಯದವರೆಗೆ ಮುಂದೂಡಬೇಡಿ, ಚಿಕ್ಕಂದಿನಲ್ಲಿ ಅಪಾಯ ಕಡಿಮೆ. ಸಿಸೇರಿಯನ್ ಆಗಲಿ, ಬೇರಾವ ಆಪರೇಷನ್ ಆಗಲಿ, "ನನಗೆ ಕೀಲಾಯ್ಡ್ ಆಗುತ್ತದೆ" ಎಂದು ಸರ್ಜನ್‌ಗೆ ಮೊದಲೇ ಹೇಳಿ.

ಪರಊರಿನಲ್ಲಿ ಡಾಕ್ಟರ ಮುಂದೆ

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇನ್ನೊಂದು ಕಷ್ಟ ಭಾಷೆಯದು. ಮನೆಯಲ್ಲಿರುವ ವಯಸ್ಸಾದವರಿಗಂತೂ ಹೆಚ್ಚು. ನಮ್ಮ ತುರಿಕೆ ಹಿಂದಿಯಲ್ಲಿ ಖುಜಲಿ, ಮರಾಠಿಯಲ್ಲಿ ಖಾಜ್, ತಮಿಳಿನಲ್ಲಿ ಅರಿಪ್ಪು, ತೆಲುಗಿನಲ್ಲಿ ದುರದ. ಹೈದರಾಬಾದಿನಲ್ಲಿ ಡಾಕ್ಟರು ಮಚ್ಚ ಎಂದರೆ ಅದು ಕಲೆ, ನಮ್ಮ ಹುಟ್ಟುಮಚ್ಚೆಯಲ್ಲ! ಕೀಲಾಯ್ಡ್ ಎಂಬ ಪದ ಮಾತ್ರ ಎಲ್ಲ ಊರಿನ ವೈದ್ಯರಿಗೂ ಒಂದೇ. ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ, ಹೇಗೆ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗಿದೆ, ಈವರೆಗೆ ಏನೇನು ಮಾಡಿಸಿದ್ದೀರಿ.

ಖರ್ಚಿನ ಚಿಂತೆ ಇದ್ದವರು ದೊಡ್ಡ ಸರ್ಕಾರಿ ಆಸ್ಪತ್ರೆಗಳ ಚರ್ಮ ವಿಭಾಗಕ್ಕೆ ಹೋಗಬಹುದು. ಮುಂಬೈಯಲ್ಲಿ ಕೆಇಎಂ, ಸಯನ್, ಪುಣೆಯಲ್ಲಿ ಸಸೂನ್, ಹೈದರಾಬಾದಿನಲ್ಲಿ ಉಸ್ಮಾನಿಯಾ, ಗಾಂಧಿ, ಚೆನ್ನೈಯಲ್ಲಿ ರಾಜೀವ್ ಗಾಂಧಿ ಸರ್ಕಾರಿ ಆಸ್ಪತ್ರೆ, ದೆಹಲಿಯಲ್ಲಿ ಏಮ್ಸ್, ಸಫ್ದರ್‌ಜಂಗ್. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಸಾಲಿನಲ್ಲಿ ನಿಲ್ಲಬೇಕು. ಆದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಕೈಗೆಟಕುವ ಕಡೆ ಶುರು ಮಾಡಿದರೆ ಮಧ್ಯದಲ್ಲಿ ಬಿಡುವ ಪ್ರಮೇಯ ಬರುವುದಿಲ್ಲ.

ಈಗ ಆ ತಂಗಿಗೆ ಉತ್ತರ

ಕತ್ತರಿಸಬೇಡಿ, ತಂಗಿ. ಮದುವೆಗೆ ಇರುವುದು ನಾಲ್ಕು ತಿಂಗಳು. ಎದೆಯ ಗಂಟು ಕತ್ತರಿಸಿದರೆ ಹೊಸದು ಎದ್ದು ನಿಲ್ಲುವುದಕ್ಕೆ ಅಷ್ಟೇ ಸಮಯ ಸಾಕು. ಈ ವಾರವೇ ಚರ್ಮ ತಜ್ಞರನ್ನು ನೋಡಿ. ಇಂಜೆಕ್ಷನ್ ಶುರುವಾದರೆ ಮದುವೆಯೊಳಗೆ ಮೂರು ನಾಲ್ಕು ಸಲ ಆಗುತ್ತದೆ. ತುರಿಕೆ ನಿಂತು ರಾತ್ರಿ ನಿದ್ದೆ ಬಂದೀತು, ಗಂಟು ಮೆತ್ತಗಾಗಿ ಸಾಕಷ್ಟು ತಗ್ಗೀತು. ಪೂರ್ತಿ ಮಟ್ಟವಾಗದೆ ಇರಬಹುದು. ಬಣ್ಣದ ಗುರುತು ಅಂತೂ ಉಳಿಯುತ್ತದೆ. ಮದುವೆಯಾದ ಮೇಲೂ ಚಿಕಿತ್ಸೆ ಮುಂದುವರಿಸಬೇಕು. ಅರ್ಧಕ್ಕೆ ಬಿಟ್ಟರೆ ಮತ್ತೆ ಬೆಳೆಯುತ್ತದೆ.

ಇನ್ನು ಹುಡುಗನಿಗೆ ಏನು ಹೇಳುವುದು? ಇದ್ದದ್ದನ್ನೇ ಹೇಳಿ: "ಮೊಡವೆಯ ಕಲೆ ಉಬ್ಬಿದೆ, ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ, ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ." ಇಷ್ಟೇ ವಾಕ್ಯ. ನಾನು ಇದೇ ವಾಕ್ಯವನ್ನು ಮದುವೆಗೆ ಮುಂಚೆ ನಮ್ಮ ಯಜಮಾನರಿಗೆ ಹೇಳಲು ಎರಡು ತಿಂಗಳು ಒದ್ದಾಡಿದ್ದೆ. ಅವರು ಕೇಳಿದ್ದು ಒಂದೇ ಮಾತು, "ತುಂಬಾ ನೋಯುತ್ತದಾ?"

ಎರಡನೇ ಸಲ ಕತ್ತರಿಸುವ ಬದಲು ನಾನು ಏಳು ಇಂಜೆಕ್ಷನ್ ಮಾಡಿಸಿಕೊಂಡೆ. ಈಗ ಭುಜದ ಮೇಲೆ ಮಸುಕಾದ ಒಂದು ಪಟ್ಟಿ ಇದೆ, ಉಬ್ಬು ಇಲ್ಲ. ಬೇಸಿಗೆಯಲ್ಲಿ ಒಮ್ಮೊಮ್ಮೆ ಸಣ್ಣಗೆ ತುರಿಸುತ್ತದೆ, ಆಗ ವೈದ್ಯರಿಗೆ ತೋರಿಸಿ ಬರುತ್ತೇನೆ.

ನಿಮ್ಮ ಮದುವೆಯ ದಿನ ಒಂದು ಹಾಡು ಕೇಳಿ ಬರೆಯಿರಿ ತಂಗಿ, ಹೆಸರು ಹೇಳದೆಯೇ ಪ್ರಸಾರ ಮಾಡುತ್ತೇವೆ. ಉಳಿದ ಕೇಳುಗರೂ ನಿಮ್ಮ ಪ್ರಶ್ನೆಗಳನ್ನು ಕಳಿಸುತ್ತಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.